ಬಾಯಿ ಒಣಗುವ ಮುನ್ನ ಹೇಳುವವರು ಯಾರು?

ಓದದೆ ಸಹಿ ಹಾಕುವವನಲ್ಲ ಎಂಬ ಹೆಸರು ಸರ್ಕಾರಿ ಸೇವೆಯಲ್ಲಿ ನನಗಿತ್ತು. ಕಡತ ನನ್ನ ಮೇಜಿನಿಂದ ಏಳುವುದು ತಡವೆಂದು ಕೈಕೆಳಗಿನವರು ಗೊಣಗುತ್ತಿದ್ದುದೂ ಅದೇ ಕಾರಣಕ್ಕೆ. ಅಂಥ ನಾನು ನಿವೃತ್ತನಾದ ಮೇಲೆ, 2018ರ ಅಕ್ಟೋಬರಿನಲ್ಲಿ, ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಾಲ್ಕು ಪುಟಗಳ ಒಪ್ಪಿಗೆ ಪತ್ರಕ್ಕೆ ಒಂದಕ್ಷರವನ್ನೂ ಓದದೆ ಸಾಕ್ಷಿಯಾಗಿ ಸಹಿ ಹಾಕಿದೆ. ರೋಗಿಯ ಜಾಗದಲ್ಲಿ ನನ್ನ ಭಾವ, ಅಂದರೆ ಅಕ್ಕನ ಯಜಮಾನರು, ತಮ್ಮ ಹೆಸರನ್ನು ಕನ್ನಡದಲ್ಲಿ ನಿಧಾನವಾಗಿ ಬರೆದಿದ್ದರು. ಪತ್ರವಿದ್ದುದು ಇಂಗ್ಲಿಷಿನಲ್ಲಿ.

ಭಾವ ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯವರು. ಹೊರಗಿನವರಿಗೆ ಚಿಗಳ್ಳಿಯೆಂದರೆ ದೀಪನಾಥೇಶ್ವರನ ಗುಡಿ. ಎಣ್ಣೆಯಿಲ್ಲದೆ ದಶಕಗಳ ಕಾಲ ಉರಿದವೆಂದು ಜನ ನಂಬಿದ್ದ ದೀಪಗಳ ಊರು. ಭಾವನವರಿಗೆ ಅಲ್ಲಿ ಗದ್ದೆಯಿತ್ತು, ಮನೆಯ ಹಿಂದೆ ಒಂದಿಷ್ಟು ಅಡಿಕೆ ತೋಟವಿತ್ತು, ಇಪ್ಪತ್ತರ ಪ್ರಾಯದಿಂದ ಬಿಡದೆ ಬಂದ ಕವಳವೂ ಇತ್ತು. ಎಲೆ, ಸುಣ್ಣ, ಅಡಿಕೆ, ಹೊಗೆಸೊಪ್ಪು ಇವಿಷ್ಟೂ ಎಡಗೆನ್ನೆಯ ಸಂದಿಯಲ್ಲಿ. ಹುಣ್ಣು ಕಾಣಿಸಿಕೊಂಡಿದ್ದೂ ಅಲ್ಲಿಯೇ. ಹೊಗೆಸೊಪ್ಪಿನ ಮಾತು ಹಾಗಿರಲಿ, ಅಡಿಕೆಯೊಂದೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ಈ ಮಾತನ್ನು ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಆಡುವುದು ಕಷ್ಟ. ನಾನು ಧಾರವಾಡದಲ್ಲಿ ಎಂ.ಎ. ಓದಿದ್ದು ಅಡಿಕೆಯ ದುಡ್ಡಿನಿಂದಲೇ. ಅದು ಬೇರೆಯದೇ ಚರ್ಚೆ, ಇಲ್ಲಿಗೆ ಬಿಡುತ್ತೇನೆ.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಬಳಿಕ ಆರು ವಾರಗಳಲ್ಲಿ ಮೂವತ್ತು ಸಲ ವಿಕಿರಣ ಚಿಕಿತ್ಸೆ ಕೊಡಬೇಕೆಂದು ನಿರ್ಧಾರವಾಯಿತು. ಊರಿನ ಮಾತಿನಲ್ಲಿ ಹೇಳುವುದಾದರೆ 'ಕರೆಂಟು ಕೊಡುವುದು'. ಮೊದಲ ಎರಡು ವಾರ ಭಾವ ನಗುನಗುತ್ತಲೇ ಇದ್ದರು. ಮುಖಕ್ಕೆ ಜಾಲರಿಯಂಥ ಮುಖವಾಡ ಬಿಗಿದು ಮಲಗಿಸುತ್ತಾರೆ, ಕೆಲವೇ ನಿಮಿಷ, ನೋವಿಲ್ಲ, ಬಿಸಿಯೂ ತಾಗುವುದಿಲ್ಲ ಎಂದು ಫೋನಿನಲ್ಲಿ ವರ್ಣಿಸಿದರು. ಮೂರನೆಯ ವಾರದಲ್ಲಿ ದನಿ ಬದಲಾಯಿತು. "ಊಟದ ರುಚೀನೇ ಗೊತ್ತಾಗವಲ್ದು ತಮ್ಮಾ, ಮಣ್ಣು ತಿಂದಂಗ ಆಗ್ತದ" ಎಂದರು. ನಾಲ್ಕನೆಯ ವಾರದ ಹೊತ್ತಿಗೆ ಬಾಯಿಯೆಲ್ಲ ಬೆಂದ ಹಾಗಾಗಿ, ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಇಪ್ಪತ್ತು ಸಿಟಿಂಗ್ ಮುಗಿದಿದ್ದವು. ದೀಪಾವಳಿಗೆಂದು ಊರಿಗೆ ಹೋದವರು ಹಬ್ಬ ಮುಗಿದರೂ ಹಿಂದಿರುಗಲಿಲ್ಲ. ಕ್ಯಾನ್ಸರಿನಿಂದಲ್ಲ, ಈ ಕರೆಂಟಿನಿಂದಲೇ ತಾನು ಸಾಯುವುದೆಂದು ಹಟ ಹಿಡಿದು ಕುಳಿತರು. ಚಿಕಿತ್ಸೆ ಕೆಟ್ಟಿದೆ, ಯಂತ್ರ ಹೆಚ್ಚು ಸುಟ್ಟಿದೆ ಎಂದು ನೆರೆಯವರೂ ದನಿಗೂಡಿಸಿದರು. ಬೆಂಗಳೂರಿನಿಂದ ನಾನು ಹೋಗಿ, ಬೈದು, ಬೇಡಿ, ಮತ್ತೆ ಆಸ್ಪತ್ರೆಗೆ ಕರೆದೊಯ್ಯುವಾಗ ಒಂಬತ್ತು ದಿನಗಳ ಚಿಕಿತ್ಸೆ ತಪ್ಪಿತ್ತು.

ಅಲ್ಲಿನ ಹಿರಿಯ ವೈದ್ಯರು ಭಾವನವರ ಬಾಯನ್ನು ಟಾರ್ಚಿನ ಬೆಳಕಿನಲ್ಲಿ ನೋಡಿದರು. ಅಚ್ಚರಿಯ ಲವಲೇಶವೂ ಅವರ ಮುಖದಲ್ಲಿ ಕಾಣಲಿಲ್ಲ. "ಇದು ನಿರೀಕ್ಷಿತವೇ. ಮೂರನೆಯ ವಾರ ಶುರುವಾಗುತ್ತದೆ, ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ಇರುತ್ತದೆ, ಆಮೇಲೆ ಮಾಯುತ್ತದೆ" ಎಂದರು. ನಿರೀಕ್ಷಿತ ಎಂಬ ಆ ಒಂದು ಪದ ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಯಾರಿಗೆ ನಿರೀಕ್ಷಿತ? ವೈದ್ಯರಿಗೆ, ದಾದಿಯರಿಗೆ, ಒಪ್ಪಿಗೆ ಪತ್ರವನ್ನು ಅಚ್ಚು ಹಾಕಿಸಿದವರಿಗೆ. ಭಾವನವರಿಗಲ್ಲ, ಅಕ್ಕನಿಗಲ್ಲ, ಪಕ್ಕದಲ್ಲಿ ನಿಂತು ಸಹಿ ಹಾಕಿದ ನನಗೂ ಅಲ್ಲ. ಮನೆಗೆ ಬಂದು ಆ ಪತ್ರವನ್ನು ಮೊದಲ ಬಾರಿ ಓದಿದೆ. ಬಾಯಿಹುಣ್ಣು, ಬಾಯೊಣಗು, ರುಚಿನಾಶ, ನುಂಗಲು ತೊಂದರೆ, ಹಲ್ಲು ಹಾಳಾಗುವುದು, ಬಾಯಿ ತೆರೆಯಲಾಗದಿರುವುದು, ದವಡೆಯ ಮೂಳೆ ಕೊಳೆಯುವುದು. ಎಲ್ಲವೂ ಒಂದೇ ಅಳತೆಯ ಅಕ್ಷರದಲ್ಲಿದ್ದವು. ಎಲ್ಲದರ ಮುಂದೆಯೂ 'ಸಂಭವಿಸಬಹುದು' ಎಂಬ ಒಂದೇ ಕ್ರಿಯಾಪದ. ಬಹುತೇಕ ಎಲ್ಲರಿಗೂ ಬರುವುದು ಯಾವುದು, ಎಲ್ಲೋ ಕೆಲವರಿಗೆ ಬರುವುದು ಯಾವುದು, ಯಾವ ವಾರದಲ್ಲಿ ಬರುತ್ತದೆ, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬ ಒಂದು ಸುಳಿವೂ ಅದರಲ್ಲಿರಲಿಲ್ಲ.

ಆ ಕುತೂಹಲ ಅಥವಾ ಪಶ್ಚಾತ್ತಾಪ ನನ್ನನ್ನು ಓದಿಗೆ ಹಚ್ಚಿತು. ನಾನು ವೈದ್ಯನಲ್ಲ, ಅಂಕಿ-ಅಂಶಗಳನ್ನು ಓದಬಲ್ಲೆ, ಅಷ್ಟೆ. ಓದಿದಾಗ ತಿಳಿದದ್ದೇನೆಂದರೆ, ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಕೊಡುವ ವಿಕಿರಣದ ಅಡ್ಡಪರಿಣಾಮಗಳನ್ನು ಮುಂಗಾಣುವುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಯಾವ ಅಂಗ ಎಷ್ಟು ವಿಕಿರಣವನ್ನು ತಾಳಿಕೊಳ್ಳಬಲ್ಲದೆಂಬ ಅನುಭವವನ್ನು 1991ರಲ್ಲಿ ಅಮೆರಿಕದ ತಜ್ಞರು ಒಂದು ಕೋಷ್ಟಕವಾಗಿ ಜೋಡಿಸಿದರು. 2010ರಲ್ಲಿ ಅದನ್ನು ಪರಿಷ್ಕರಿಸಿ, ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಮಾರ್ಗಸೂಚಿ ಹೊರತಂದರು. ವಿಕಿರಣವನ್ನು ಅಳೆಯುವ ಮಾನಕ್ಕೆ 'ಗ್ರೇ' ಎಂದು ಹೆಸರು; ಭಾವನವರಿಗೆ ನಿಗದಿಯಾಗಿದ್ದುದು ಒಟ್ಟು 60 ಗ್ರೇ, ದಿನಕ್ಕೆ 2ರಂತೆ. ಕಿವಿಯ ಮುಂದೆ ಎರಡೂ ಕಡೆ ಪರೋಟಿಡ್ ಎಂಬ ಲಾಲಾಗ್ರಂಥಿಗಳಿವೆ. ಉಣ್ಣುವಾಗ ಬಾಯಿಗೆ ಬರುವ ಜೊಲ್ಲಿನ ದೊಡ್ಡ ಪಾಲು ಇವುಗಳದೇ. ಎರಡಕ್ಕೂ ಸರಾಸರಿ 25 ಗ್ರೇಗಿಂತ ಕಡಿಮೆ, ಇಲ್ಲವೇ ಒಂದಕ್ಕಾದರೂ 20ಕ್ಕಿಂತ ಕಡಿಮೆ ತಾಗುವಂತೆ ನೋಡಿಕೊಂಡರೆ ಬಾಯಿ ತೀರಾ ಒಣಗುವುದನ್ನು ಸಾಮಾನ್ಯವಾಗಿ ತಪ್ಪಿಸಬಹುದೆಂದು ಆ ಮಾರ್ಗಸೂಚಿ ಹೇಳುತ್ತದೆ. ಅಂದರೆ ಯಂತ್ರವನ್ನು ಚಾಲೂ ಮಾಡುವ ಮೊದಲೇ, ಗಣಕಯಂತ್ರದ ಪರದೆಯ ಮೇಲಿನ ಯೋಜನೆಯನ್ನು ನೋಡಿ, ವರ್ಷದ ನಂತರ ಈ ಮನುಷ್ಯ ರಾತ್ರಿ ಎಷ್ಟು ಸಲ ಎದ್ದು ನೀರು ಕುಡಿಯಬೇಕಾದೀತು ಎಂಬುದನ್ನು ಒಂದು ಮಟ್ಟಿಗೆ ಅಂದಾಜಿಸಬಹುದು.

ಅಂದಾಜು ತಿಳಿದ ಮೇಲೆ ಅದನ್ನು ಬದಲಿಸಲೂ ಸಾಧ್ಯವಾಯಿತು. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣಗಳ ತೀವ್ರತೆಯನ್ನು ಹೊಂದಿಸುವ ಐಎಂಆರ್‌ಟಿ ಎಂಬ ವಿಧಾನವನ್ನು ಹಳೆಯ ವಿಧಾನದೊಡನೆ ಹೋಲಿಸಿ ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಒಂದು ವರ್ಷದ ಬಳಿಕ ಗಣನೀಯ ಬಾಯೊಣಗಿನಿಂದ ನರಳುತ್ತಿದ್ದವರು ಹಳೆಯ ವಿಧಾನದಲ್ಲಿ ಶೇ 74. ಹೊಸದರಲ್ಲಿ ಶೇ 38. ಮುಂಬೈಯ ಟಾಟಾ ಸ್ಮಾರಕ ಕೇಂದ್ರದವರು ನಮ್ಮದೇ ರೋಗಿಗಳ ಮೇಲೆ ಇಂಥದೇ ಪ್ರಯೋಗ ಮಾಡಿ 2012ರಲ್ಲಿ ಪ್ರಕಟಿಸಿದರು. ಅವರದು ಅರವತ್ತು ಜನರ ಸಣ್ಣ ಅಧ್ಯಯನ. ಚಿಕಿತ್ಸೆಯ ಅವಧಿಯಲ್ಲೇ ಕಾಣಿಸಿಕೊಳ್ಳುವ ಲಾಲಾಗ್ರಂಥಿಯ ತೊಂದರೆ ಅಲ್ಲಿ ಶೇ 89ರಿಂದ ಶೇ 59ಕ್ಕೆ ಇಳಿದಿತ್ತು.

ಮುನ್ಸೂಚನೆಯನ್ನು ಆಡಳಿತದ ಸಾಧನವನ್ನಾಗಿ ಮಾಡಿಕೊಂಡವರು ನೆದರ್ಲೆಂಡ್ಸಿನವರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಎಲ್ಲಕ್ಕಿಂತ ಸ್ವಾರಸ್ಯವೆನಿಸಿತು. ಪ್ರೋಟಾನ್ ಚಿಕಿತ್ಸೆ ಬಹಳ ದುಬಾರಿ, ಎಲ್ಲರಿಗೂ ಕೊಡಲಾಗದು. ಹಾಗಾದರೆ ಯಾರಿಗೆ ಕೊಡಬೇಕು? ಅವರು ಪ್ರತಿ ರೋಗಿಗೂ ಎರಡು ಯೋಜನೆಗಳನ್ನು ತಯಾರಿಸುತ್ತಾರೆ, ಒಂದು ಮಾಮೂಲಿ ಕಿರಣದ್ದು, ಇನ್ನೊಂದು ಪ್ರೋಟಾನಿನದು. ಎರಡರಲ್ಲೂ ಬಾಯೊಣಗು ಮತ್ತು ನುಂಗುವ ತೊಂದರೆಯ ಸಂಭವ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಮಧ್ಯಮ ತೀವ್ರತೆಯ ತೊಂದರೆಯ ಸಂಭವದಲ್ಲಿ ಹತ್ತು ಶೇಕಡಾಂಶದಷ್ಟಾದರೂ ಇಳಿಕೆ ಕಂಡರೆ ಮಾತ್ರ ಪ್ರೋಟಾನ್. ಶಿಫಾರಸಿಗೆ, ಹೆಸರಿಗೆ, ಹಣಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮಲ್ಲಿ ಪ್ರೋಟಾನ್ ಚೆನ್ನೈಯಲ್ಲಿ 2019ರಲ್ಲಿ ಬಂತು. ಟಾಟಾದವರ ನವಿಮುಂಬೈ ಕೇಂದ್ರದಲ್ಲಿ 2023ರಲ್ಲಿ. ಚಿಗಳ್ಳಿಗೆ ಸದ್ಯ ಅದರ ಮಾತು ಬೇಡ. ಲೆಕ್ಕ ಹಾಕಿ ಹಂಚುವ ಆ ಕ್ರಮ ಮಾತ್ರ ನಮಗೂ ಬೇಕಾದದ್ದು. ಬಾಯೊಣಗಿನ ಆ ಲೆಕ್ಕಕ್ಕೆ ಬೇಕಾದ ಮಾಹಿತಿಗಳಲ್ಲಿ ಒಂದು, ಚಿಕಿತ್ಸೆಗೆ ಮೊದಲೇ ರೋಗಿಯ ಬಾಯಿ ಎಷ್ಟು ಒಣಗಿತ್ತು ಎಂಬುದು. ಅದನ್ನು ತಿಳಿಯಲು ಯಂತ್ರ ಬೇಡ. ರೋಗಿಯನ್ನು ಕೂರಿಸಿಕೊಂಡು ಕೇಳಿದರೆ ಸಾಕು.

ಇದೆಲ್ಲ ಪರದೇಶದ ಮಾತಾಯಿತು ಎನ್ನುವವರಿಗೆ ನಮ್ಮ ಕರಾವಳಿಯ ಕೆಲಸವನ್ನು ಹೇಳಬೇಕು. ಒಂದೇ ಪ್ರಮಾಣದ ವಿಕಿರಣ ತಾಗಿದರೂ ಒಬ್ಬನ ಬಾಯಿ ಸುಟ್ಟಂತಾಗುತ್ತದೆ, ಮತ್ತೊಬ್ಬ ಉಪ್ಪಿಟ್ಟು ತಿನ್ನುತ್ತಿರುತ್ತಾನೆ. ಏಕೆ? ಮಣಿಪಾಲದ ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳ ರಕ್ತದ ಬಿಳಿಕಣಗಳಿಗೆ ಪ್ರಯೋಗಾಲಯದಲ್ಲಿ ವಿಕಿರಣ ಹಾಯಿಸಿ, ತುಂಡಾದ ಡಿಎನ್‌ಎ ಎಳೆಗಳನ್ನು ಜೀವಕೋಶ ಎಷ್ಟರ ಮಟ್ಟಿಗೆ ಮತ್ತೆ ಹೊಲಿದುಕೊಳ್ಳುತ್ತದೆ ಎಂದು ಎಣಿಸಿದರು. ಈ ಎಣಿಕೆಯಿಂದ ವಿಕಿರಣಕ್ಕೆ ಅತಿಯಾಗಿ ಸ್ಪಂದಿಸುವ ರೋಗಿಗಳನ್ನು ಗುರುತಿಸಬಹುದೆಂಬುದು ಅವರ ನಿಲುವು. 2014ರಲ್ಲಿ ವಂಶವಾಹಿಗಳಲ್ಲಿನ ಸಣ್ಣ ವ್ಯತ್ಯಾಸಗಳಿಗೂ ಬಾಯಿಹುಣ್ಣಿನ ತೀವ್ರತೆಗೂ ಇರುವ ನಂಟನ್ನು ಹುಡುಕಿದರು. ಇವು ದಿನನಿತ್ಯದ ಪರೀಕ್ಷೆಗಳಾಗಿ ಇನ್ನೂ ವಾರ್ಡಿಗೆ ಇಳಿದಿಲ್ಲ. ಅದೇ ಕರಾವಳಿಯ ಕಸ್ತೂರಬಾ ವೈದ್ಯಕೀಯ ಕಾಲೇಜಿನವರು ಸೌಮ್ಯ ಲೇಸರ್ ಕಿರಣವನ್ನು ಮುಂಚಿತವಾಗಿ ಬಾಯೊಳಗೆ ಹಾಯಿಸಿದರೆ ತೀವ್ರ ಹುಣ್ಣು ಕಡಿಮೆಯಾಗುವುದೆಂದು ಇನ್ನೂರಕ್ಕೂ ಹೆಚ್ಚು ರೋಗಿಗಳ ಪ್ರಯೋಗದಲ್ಲಿ 2012ರಲ್ಲಿಯೇ ತೋರಿಸಿಕೊಟ್ಟರು. ಮಂಗಳೂರಿನ ಮತ್ತೊಂದು ತಂಡ ಅರಿಸಿನದ ನೀರಿನಲ್ಲಿ ಬಾಯಿ ಮುಕ್ಕಳಿಸಿದವರಿಗೆ ಹುಣ್ಣು ತಡವಾಗಿ, ಸೌಮ್ಯವಾಗಿ ಬಂತೆಂದು 2014ರಲ್ಲಿ ವರದಿ ಮಾಡಿತು. ಎಂಬತ್ತು ಜನರ ಅಧ್ಯಯನ ಅದು. ಅರಿಸಿನವೇ ಔಷಧಿಯೆಂದು ಯಾರೂ ಆಸ್ಪತ್ರೆ ಬಿಡಬಾರದು. ಆದರೆ ಹುಣ್ಣು ಬರುವುದು ಮೊದಲೇ ಗೊತ್ತಿದ್ದರೆ ಅದಕ್ಕೆ ಸಿದ್ಧರಾಗಬಹುದು ಎಂಬುದಂತೂ ನಮ್ಮ ನೆಲದಲ್ಲೇ ಸಾಬೀತಾದ ಮಾತು.

ಇಷ್ಟು ತಿಳಿದ ಮೇಲೂ ಮುನ್ಸೂಚನೆಯ ಮಿತಿ ನನ್ನನ್ನು ಕಾಡಿತು. ಉಪವಿಭಾಗದಲ್ಲಿದ್ದಾಗ ಬೆಳೆ ಕಟಾವು ಪ್ರಯೋಗಗಳನ್ನು ಹಲವು ವರ್ಷ ಮಾಡಿಸಿದವನು ನಾನು. ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕವನ್ನು ಗುರುತು ಹಾಕಿ, ಕೊಯ್ದು, ಬಡಿದು, ತೂಗುತ್ತೇವೆ. ಅಂಥ ಕೆಲವು ಚೌಕಗಳ ಸರಾಸರಿಯಿಂದ ಇಡೀ ಹೋಬಳಿಯ ಇಳುವರಿ ನಿರ್ಧಾರವಾಗುತ್ತಿತ್ತು. ವಿಮೆಯ ಹಣ ಆ ಸರಾಸರಿಯ ಮೇಲೆ. ತನ್ನ ಗದ್ದೆ ಪೂರ್ತಿ ಕೊಚ್ಚಿಹೋದವನು ಬಂದು, "ಸಾಹೇಬ್ರೇ, ಹೋಬಳಿಗೆ ಚಲೋ ಬೆಳೆ ಬಂದದ ಅಂತೀರಿ, ನನಗ ಎಲ್ಲಿ ಬಂದದ?" ಎಂದು ಕೇಳುತ್ತಿದ್ದ. ಅವನ ಪ್ರಶ್ನೆಗೆ ನನ್ನಲ್ಲಿ ನಿಯಮವಿತ್ತು, ಉತ್ತರವಿರಲಿಲ್ಲ. 'ನಿಮಗೆ ಬಾಯೊಣಗಿನ ಸಂಭವ ಶೇ 40' ಎಂಬುದೂ ಅಂಥ ಹೋಬಳಿಯ ಸರಾಸರಿಯೇ. ಬಾಯಿ ಶೇ 40ರಷ್ಟು ಒಣಗುವುದಿಲ್ಲ. ನಿಮ್ಮಂಥ ನೂರು ಮಂದಿಯಲ್ಲಿ ನಲವತ್ತು ಮಂದಿಗೆ ಒಣಗುತ್ತದೆ. ನೀವು ಆ ನಲವತ್ತರಲ್ಲೋ ಅರವತ್ತರಲ್ಲೋ ಯಾರಿಗೂ ತಿಳಿಯದು. ವಂಶವಾಹಿ ಪರೀಕ್ಷೆ ಮಾಡಹೊರಟಿರುವುದು ಹೋಬಳಿಯ ಲೆಕ್ಕವನ್ನು ಗದ್ದೆಯ ಲೆಕ್ಕಕ್ಕೆ ತರುವ ಕೆಲಸ.

'ನಿಮ್ಮಂಥ ನೂರು ಮಂದಿ' ಎಂಬಲ್ಲಿ ಇನ್ನೊಂದು ತೊಡಕಿದೆ. ಈ ಲೆಕ್ಕಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ರೋಗಿಗಳನ್ನು ಆಧರಿಸಿದವು. ಅವರಲ್ಲಿ ಗಂಟಲಿನ ಕ್ಯಾನ್ಸರ್ ಹೆಚ್ಚು. ಅದರಲ್ಲಿ ಬಹುಪಾಲು ಒಂದು ವೈರಸ್ಸಿನಿಂದ ಬರುವಂಥದು. ನಮ್ಮದು ಕೆನ್ನೆ, ವಸಡು, ನಾಲಿಗೆಯ ಕ್ಯಾನ್ಸರ್. 2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ತುಟಿ-ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು 1.4 ಲಕ್ಷಕ್ಕೂ ಹೆಚ್ಚು. ಕವಳ ಜಗಿದು ಜಗಿದು ಚಿಕಿತ್ಸೆಗೆ ಮೊದಲೇ ಬಾಯಿ ಗಟ್ಟಿಯಾಗಿ ಎರಡು ಬೆರಳು ಹೋಗದಂತಾಗಿರುವವರು, ಹಲ್ಲು ಕೆಟ್ಟವರು, ಹಿಮೋಗ್ಲೋಬಿನ್ ಕಡಿಮೆಯಿರುವವರು ನಮ್ಮಲ್ಲಿ ಬಹಳ. ಆಮ್‌ಸ್ಟರ್‌ಡ್ಯಾಮಿನ ಸೂತ್ರಕ್ಕೆ ಚಿಗಳ್ಳಿಯ ಬಾಯಿ ಸರಿಹೊಂದುವುದು ಹೇಗೆ? ನಮ್ಮ ಸೂತ್ರವನ್ನು ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ನಮ್ಮವರಿಗೆ ಚಿಕಿತ್ಸೆಯ ನಂತರ ಏನಾಯಿತೆಂಬ ದಾಖಲೆ ಬೇಕು.

ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ ಇಲ್ಲಿದೆ. ಉತ್ತರ ಕನ್ನಡದವರಿಗೆ ಕ್ಯಾನ್ಸರ್ ಎಂದೊಡನೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲವೇ ಬೆಂಗಳೂರಿನ ಕಿದ್ವಾಯಿಯ ದಾರಿ. ಕೊನೆಯ ಸಿಟಿಂಗ್ ಮುಗಿದ ದಿನ ಚೀಟಿ ಕೊಟ್ಟು ಕಳುಹಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಬನ್ನಿ ಎನ್ನುತ್ತಾರೆ. ಮೊದಲ ಸಲ ಹೋಗುತ್ತಾರೆ, ಎರಡನೆಯ ಸಲ ನಾಟಿ ಬರುತ್ತದೆ, ಮೂರನೆಯ ಸಲ ಬಸ್ಸಿನ ಖರ್ಚು. ದವಡೆ ಬಿಗಿಯುವುದು, ಹಲ್ಲು ಉದುರುವುದು, ಥೈರಾಯ್ಡ್ ಕುಗ್ಗುವುದು ಇವೆಲ್ಲ ತಿಂಗಳು-ವರ್ಷಗಳ ಬಳಿಕ, ಹಳ್ಳಿಯ ಅಡುಗೆಮನೆಯಲ್ಲಿ ನಡೆಯುವಂಥವು. ಆಸ್ಪತ್ರೆಯ ಪುಸ್ತಕದಲ್ಲಿ ಆ ರೋಗಿ 'ಸಂಪರ್ಕ ತಪ್ಪಿದವನು'. ಹೀಗೆ ಶಾಸ್ತ್ರ ಕಂಡದ್ದು ಚಿಗಳ್ಳಿಗೆ ತಲುಪುವುದಿಲ್ಲ, ಚಿಗಳ್ಳಿ ಅನುಭವಿಸಿದ್ದು ಶಾಸ್ತ್ರಕ್ಕೆ ತಲುಪುವುದಿಲ್ಲ.

ಇದನ್ನು ಸರಿಪಡಿಸಲು ಕೋಟಿಗಳ ಯಂತ್ರ ಬೇಡ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಿಕಿರಣ ಚಿಕಿತ್ಸೆಯ ಖರ್ಚನ್ನು ಭರಿಸುತ್ತಿದೆ. ಚಿಕಿತ್ಸೆಗೆ ಹಣ ಪಾವತಿಸುವ ಸರ್ಕಾರ ಅದರ ಪರಿಣಾಮದ ಲೆಕ್ಕವನ್ನೂ ಕೇಳಬಹುದು. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಾಣಂತಿಯರಿಗೆ, ಮಕ್ಕಳ ಚುಚ್ಚುಮದ್ದಿಗೆ ಅಂಕಣಗಳಿವೆ. ವಿಕಿರಣ ಪಡೆದು ಬಂದವರಿಗೂ ಒಂದು ಪುಟವಿರಲಿ. ತೂಕ ಎಷ್ಟು? ಬಾಯಲ್ಲಿ ಎಷ್ಟು ಬೆರಳು ಹೋಗುತ್ತದೆ? ಅನ್ನವೋ ಗಂಜಿಯೋ? ರಾತ್ರಿ ನೀರಿಗೆ ಎಷ್ಟು ಸಲ ಏಳುತ್ತಾರೆ? ಇದನ್ನು ತಿಂಗಳಿಗೊಮ್ಮೆ ಬರೆದು ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಕಳುಹಿಸಿದರೆ ಐದು ವರ್ಷದಲ್ಲಿ ನಮ್ಮದೇ ಕೋಷ್ಟಕ ತಯಾರಾಗುತ್ತದೆ. ಆಶಾಗಳ ಮೇಲೆ ಈಗಲೇ ಹೊರೆ ಹೆಚ್ಚಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಗೌರವಧನ ಕೊಡಬೇಕು. ಅದರ ಜತೆಗೆ, ಒಪ್ಪಿಗೆ ಪತ್ರಕ್ಕೆ ಬೇಕಾದರೆ ವಕೀಲರ ಭಾಷೆ ಇರಲಿ; ವಾರವಾರಕ್ಕೆ ಏನಾಗುತ್ತದೆ, ಯಾವುದಕ್ಕೆ ಹೆದರಬೇಕಿಲ್ಲ, ಯಾವುದಕ್ಕೆ ಓಡಿಬರಬೇಕು ಎಂದು ಹೇಳುವ ಒಂದು ಹಾಳೆ ಕನ್ನಡದಲ್ಲಿ ರೋಗಿಯ ಕೈಗೆ ಬರಲಿ. ಅಕ್ಷರ ಬಾರದವರಿಗೆ ಯಾರಾದರೂ ಓದಿ ಹೇಳಲಿ.

ಹೇಳುವುದರಿಂದ ರೋಗಿ ಹೆದರಿ ಚಿಕಿತ್ಸೆಗೇ ಬರಲಿಕ್ಕಿಲ್ಲ ಎಂದು ಒಬ್ಬ ತರುಣ ವೈದ್ಯರು ನನ್ನೊಡನೆ ವಾದಿಸಿದರು. ಇರಬಹುದು. ಆದರೆ ಹೇಳದೆ ಇದ್ದುದರಿಂದ ನಡುವೆಯೇ ಬಿಟ್ಟು ಹೋದವರನ್ನು ನಾನು ಕಂಡಿದ್ದೇನೆ. ಈ ಚಿಕಿತ್ಸೆಯಲ್ಲಿ ಬಿಡುವು ತುಟ್ಟಿ. ನಿಂತ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಚಿಕಿತ್ಸೆ ಒಂದೊಂದು ದಿನ ಲಂಬಿಸಿದಂತೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಅಥವಾ ತುಸು ಹೆಚ್ಚೇ ಕುಸಿಯುತ್ತದೆಂದು ಅಂದಾಜು. ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಲಂಬಿಸಕೂಡದೆಂದು ಬ್ರಿಟನ್ನಿನ ವಿಕಿರಣತಜ್ಞರ ರಾಯಲ್ ಕಾಲೇಜಿನ ನಿಯಮ.

ಭಾವನವರ ಕ್ಯಾನ್ಸರ್ ಹದಿನಾಲ್ಕು ತಿಂಗಳಿಗೆ ಮರಳಿತು. 2020ರ ಮಳೆಗಾಲದಲ್ಲಿ ಅವರು ತೀರಿಕೊಂಡರು. ಆ ಒಂಬತ್ತು ದಿನಗಳೇ ಕಾರಣವೇ ಎಂದು ಅಕ್ಕ ಒಮ್ಮೆ ಕೇಳಿದಳು. ಹೋಬಳಿಯ ಸರಾಸರಿ ನನಗೆ ಗೊತ್ತು. ಅವರ ಗದ್ದೆಯ ಲೆಕ್ಕ ಗೊತ್ತಿಲ್ಲ. ಹೇಳಲಾಗದು ಎಂದೆ. "ನೀ ಅಲ್ಲೇ ಇದ್ದೆಲ್ಲೋ, ಅವರು ಮೊದಲೇ ಏನೂ ಹೇಳಲಿಲ್ಲೇನು?" ಎಂದಳು. ಕಾಗದದಲ್ಲಿ ಬರೆದಿತ್ತು, ನಾನು ಓದಲಿಲ್ಲ ಎಂದು ಅವಳಿಗೆ ಹೇಳಿದ್ದು ಅಂದೇ.

ಅವಳು ಒಳಗೆ ಹೋಗಿ ಅಡುಗೆಮನೆಯ ಗೋಡೆಯ ಹಳೆಯ ಕ್ಯಾಲೆಂಡರ್ ತಂದಳು. ಚಿಕಿತ್ಸೆ ಮುಗಿಸಿ ಬಂದ ದಿನದಿಂದ ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನಲ್ಲಿ ಬರೆದಿದ್ದಳು: ಗಂಜಿ ಅರ್ಧ ಲೋಟ, ಮಜ್ಜಿಗೆ ಉರಿ, ಇವತ್ತು ಉಪ್ಪು ಗೊತ್ತಾಯ್ತು, ರಾತ್ರಿ ನೀರು ಐದು ಸಲ, ಹಲ್ಲು ಒಂದು. ಅಡಿಕೆ ತೂಗುವ ಕಾಟಾದ ಮೇಲೆ ನಿಂತು ನೋಡಿದ ತೂಕವೂ ನಾಲ್ಕಾರು ಕಡೆ ಇತ್ತು. ಮುಂದೆ ಯಾವುದೋ ಕೆಲಸಕ್ಕೆ ಹೋದಾಗ ಅದನ್ನು ಆ ಹಿರಿಯ ವೈದ್ಯರಿಗೆ ತೋರಿಸಿದೆ. ಬಹಳ ಹೊತ್ತು ಪುಟ ತಿರುವುತ್ತಾ ಕುಳಿತ ಅವರು ಜೆರಾಕ್ಸ್ ಮಾಡಿಸಿಕೊಳ್ಳಬಹುದೇ ಎಂದು ಕೇಳಿದರು.